ಕಿರುಗುಟ್ಟುವ ಕಾರಿಗೆ ಎಣ್ಣೆ ಹಾಕಬೇಡಿ

ಹಳೆಯ ಕಾರುಗಳನ್ನು ಕೆಟ್ಟ ರಸ್ತೆಯಲ್ಲಿ ಓಡಿಸಿ ಅವು ಎಷ್ಟು ಕುಲುಕುತ್ತವೆ ಎಂದು ಬರೆದಿಡುವುದಕ್ಕೆ ಯಾರಾದರೂ ಸಂಬಳ ಕೊಡುತ್ತಾರೆಯೇ ಎಂದು ನಮ್ಮ ಮಾವನವರು ಹೆಣ್ಣು ಕೊಡುವ ಮುಂಚೆ ಕೇಳಿದ್ದರು. ಕೊಡುತ್ತಾರೆ ಎಂದೆ. ಅವರು ನಂಬಲಿಲ್ಲ. ನಿವೃತ್ತನಾಗುವವರೆಗೆ ನನಗೂ ಪೂರ್ತಿ ನಂಬಿಕೆ ಬಂದಿರಲಿಲ್ಲ.

ಈಗ ಈ ಕೆಲಸಕ್ಕೆ ಹೊಸಬರು ಬರುತ್ತಿದ್ದಾರೆ. ಈಚೆಗೆ ಇಬ್ಬರು ಮನೆಗೆ ಬಂದು ನನ್ನ ಅನುಭವ ಹೇಳಬೇಕೆಂದು ಕೇಳಿದರು. ನಾನು ದೀರ್ಘವಾಗಿ ಪಾಠ ಹೇಳಿದೆ, ಅವರು ಅಷ್ಟೇ ದೀರ್ಘವಾಗಿ ಆಕಳಿಸಿದರು. ಹೊರಡುವಾಗ ನಮ್ಮ ಗೇಟು ಕಿರ್ರೆಂದಿತು. ಅವರಲ್ಲಿ ಒಬ್ಬಳು, "ಒಂದಿಷ್ಟು ಎಣ್ಣೆ ಹಾಕಿಸಿ ಸಾರ್" ಎಂದಳು. ಬೇಡ ಎಂದು ನಾನೇ ಗೇಟು ಮುಚ್ಚಿದೆ. ಯಾಕೆಂದು ಆಗ ಹೇಳಲು ಆಗಲಿಲ್ಲ. ಪಾಠದಲ್ಲಿ ಬಿಟ್ಟುಹೋದದ್ದು ಅದೊಂದೇ. ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮದು ಚಿತ್ರದುರ್ಗದ ಹೊರಗಿದ್ದ ಸಣ್ಣ ಕಾರ್ಖಾನೆ. ತಾತ ಮುತ್ತಾತರ ಕಾಲದ ಮೋಟಾರು ಕಾರುಗಳನ್ನು ಕೊಟ್ಟಿಗೆಯಿಂದ ಎಳೆದು ತಂದು, ಮತ್ತೆ ರಸ್ತೆಗೆ ಇಳಿಸಿ ಕೊಡುವುದು ಕೆಲಸ. ಇಂಜಿನ್ನು, ಬಣ್ಣ, ಸೀಟು ನೋಡಿಕೊಳ್ಳಲು ಬೇರೆ ಬೇರೆ ಜನ. ನನ್ನ ಪಾಲಿಗೆ ಬಂದದ್ದು ಸಸ್ಪೆನ್ಷನ್ನು. ಅಂದರೆ ಚಕ್ರ ಗುಂಡಿಗೆ ಬಿದ್ದಾಗ ಒಳಗೆ ಕೂತವರ ಬೆನ್ನುಮೂಳೆಗೆ ಆ ಸುದ್ದಿ ತಲುಪದ ಹಾಗೆ ನೋಡಿಕೊಳ್ಳುವುದು.

ಹಳೆಯ ಕಾರುಗಳಲ್ಲಿ ಇದಕ್ಕೆ ಇದ್ದದ್ದು ಕಮಾನು ಪಟ್ಟಿ. ಕುದುರೆಯ ಜಟಕಾಕ್ಕೂ ಇರುತ್ತಿತ್ತು, ಲಾರಿಗೆ ಈಗಲೂ ಇದೆ. ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಬಿಗಿದಿರುತ್ತಾರೆ. ಗುಂಡಿಗೆ ಬಿದ್ದಾಗ ಅವು ಬಾಗುತ್ತವೆ, ಆಮೇಲೆ ಪುಟಿಯುತ್ತವೆ. ಬಾಗುವುದು ಸುಲಭ. ಪುಟಿದದ್ದನ್ನು ನಿಲ್ಲಿಸುವುದೇ ಕಷ್ಟ. ಈಗಿನ ಕಾರಿನಲ್ಲಿ ಅದಕ್ಕೆ ಶಾಕ್ ಅಬ್ಸಾರ್ಬರ್ ಇದೆ. ಆಗಿನ ಕಾರಿನಲ್ಲಿ ಪಟ್ಟಿಗಳು ಒಂದಕ್ಕೊಂದು ಉಜ್ಜಿಕೊಂಡು ತಾವೇ ಕುಣಿತವನ್ನು ತಡೆಯಬೇಕಿತ್ತು. ಹೆಚ್ಚೆಂದರೆ ಚಕ್ರದ ಹತ್ತಿರ ಎರಡು ತೊಗಲಿನ ಬಿಲ್ಲೆಗಳನ್ನು ಒತ್ತಿ ಬಿಗಿದಿರುತ್ತಿದ್ದರು, ಅವೂ ಉಜ್ಜಿಕೊಂಡೇ ಕೆಲಸ ಮಾಡಬೇಕು. ಹಾಗೆ ಉಜ್ಜಿಕೊಳ್ಳುವಾಗ ಬರುವ ಸದ್ದೇ ಕಿರ್ರ್.

ನನ್ನ ಮೊದಲ ಮೇಲಧಿಕಾರಿ ಶ್ರೀಕಂಠಯ್ಯನವರು ಪರೀಕ್ಷೆಗೆ ಆರಿಸಿದ್ದು ಚಳ್ಳಕೆರೆ ಮತ್ತು ಮೊಳಕಾಲ್ಮೂರಿನ ಒಳರಸ್ತೆಗಳನ್ನು. "ಇಲ್ಲಿ ಇಲ್ಲದ ಗುಂಡಿ ಇನ್ನೂ ಹುಟ್ಟಿಲ್ಲ" ಎನ್ನುತ್ತಿದ್ದರು. ಅದು ನಿಜ. ಎರೆಮಣ್ಣಿನಲ್ಲಿ ಗಾಡಿಗಳು ಕೊರೆದ ಆಳದ ಜಾಡು, ದನ ಮೇಯುವ ಕಾವಲಿನ ಅಂಚಿನ ಗರಸುಕಲ್ಲು, ಮೊಳಕಾಲ್ಮೂರಿನ ಬಂಡೆಗುಡ್ಡಗಳ ಬುಡದ ಕಲ್ಲುಹಾದಿ, ಎಲ್ಲವೂ ಒಂದೇ ದಿನದಲ್ಲಿ ಸಿಗುತ್ತಿತ್ತು. ಆಗ ವರವು ಎಂಬ ಕಾವಲಿನ ಹುಲ್ಲಿನ ನಡುವೆ ನೇರವಾಗಿ ಹಾಯುತ್ತಿದ್ದೆವು. ಈಗ ಅಲ್ಲಿ ಬೇಲಿ ಬಂದಿದೆ, ಸುತ್ತು ಹಾಕಬೇಕು.

ಶ್ರೀಕಂಠಯ್ಯನವರು ಯಾವ ಉಪಕರಣವನ್ನೂ ನಂಬುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಎಲೆಗೆ ಸುಣ್ಣ ಸವರಿ, ಮಡಚಿ, ಬಾಯಿಗೆ ಇಡುತ್ತಿದ್ದರು. ಅದೇ ಪರೀಕ್ಷೆ. ಸುಣ್ಣ ಮೂಗಿಗೆ ಹತ್ತಿದರೆ ಹಿಂದಿನ ಪಟ್ಟಿ ತೀರಾ ಬಿಗಿ. ಕೆನ್ನೆಗೆ ಹತ್ತಿದರೆ ಕಾರು ಪಕ್ಕಕ್ಕೆ ಹೊಯ್ದಾಡುತ್ತಿದೆ. ಕಣ್ಣಿಗೆ ಬಿದ್ದರೆ ಆ ದಿನ ಪರೀಕ್ಷೆ ಮುಗಿಯಿತು. ಸುಣ್ಣ ಬಿದ್ದ ಜಾಗವನ್ನು ನಾನು ಬರೆದುಕೊಳ್ಳಬೇಕಿತ್ತು. ನಾಲ್ಕು ವರ್ಷ ಕಾಲೇಜಿನಲ್ಲಿ ಕಂಪನಶಾಸ್ತ್ರ ಓದಿ ಬಂದವನು ಇನ್ನೊಬ್ಬರ ಮುಖದ ನಕ್ಷೆ ಬರೆಯುತ್ತಿದ್ದೇನಲ್ಲ ಎಂದು ಮೊದಮೊದಲು ಬೇಸರವಾಗುತ್ತಿತ್ತು. ಆಮೇಲೆ ರೂಢಿಯಾಯಿತು.

ಅವರು ಹೋದ ಮೇಲೆ ಉಪಕರಣಗಳು ಬಂದವು. ಬೆಂಕಿಪೊಟ್ಟಣದಷ್ಟು ಪೆಟ್ಟಿಗೆಯನ್ನು ಚಕ್ರದ ಅಚ್ಚಿಗೆ ಅಂಟಿಸಿದರೆ ಪ್ರತಿ ಕುಲುಕೂ ಲ್ಯಾಪ್‌ಟಾಪಿನಲ್ಲಿ ಗೆರೆಯಾಗಿ ಮೂಡುತ್ತಿತ್ತು. ಅದೇ ಕಾಲದಲ್ಲಿ ಡ್ರೈವರ್ ಬೋರಯ್ಯ ಬಂದ. ಚಳ್ಳಕೆರೆ ಸೀಮೆಯ ದೊಡ್ಡಉಳ್ಳಾರ್ತಿಯವನು. ಕಾರನ್ನು ಮಾತಾಡಿಸುತ್ತಾ ಓಡಿಸುವವನು, ನನ್ನನ್ನು ಮಾತಾಡಿಸದಿದ್ದರೂ. ಅವನಲ್ಲಿ ಒಂದು ಅಭ್ಯಾಸವಿತ್ತು. ದಾರಿಯಲ್ಲಿ ಯಾರಾದರೂ ನಿಂತಿದ್ದರೆ ಖಾಲಿ ಗಾಡಿ ಮುಂದೆ ಹೋಗಬಾರದು. ಅದು ಅವನೊಬ್ಬನದಲ್ಲ, ಆ ಸೀಮೆಯ ಎಲ್ಲರದೂ.

"ಖಾಲಿ ಎಲ್ಲೋ ಐತೆ? ತೂಕಕ್ಕೆ ಅಂತ ಹಿಂದೆ ಮರಳು ಮೂಟೆ ಕೂತಿದಾವೆ" ಎಂದೆ ಒಮ್ಮೆ, ದಾರಿಯಲ್ಲಿ ನಿಂತಿದ್ದ ಮುದುಕರೊಬ್ಬರಿಗಾಗಿ ಅವನು ಕಾರು ನಿಲ್ಲಿಸಿದಾಗ.

"ಮೂಟೆಗೆ ಯಾವೂರಿಗೆ ಹೋಗಬೇಕು ಸಾರ್? ಈ ಯಜಮಾನ್ರಿಗೆ ಮನೆಗೆ ಹೋಗಬೇಕು."

ಯಜಮಾನರ ಜೊತೆ ಅವರ ಟಗರೂ ಹತ್ತಿತು. ಆ ದಿನದ ಗೆರೆಗಳನ್ನು ನೋಡಿ ಆಗಿನ ನಮ್ಮ ಹೊಸ ಮ್ಯಾನೇಜರ್ ಬೆರಗಾದರು. ರಸ್ತೆಗೆ ಸಂಬಂಧವೇ ಇಲ್ಲದ ಪೆಟ್ಟುಗಳು ಅಡ್ಡಡ್ಡ ಬರುತ್ತಿವೆ, ಇದು ಯಾವ ಬಗೆಯ ಕಲ್ಲು ಎಂದು ಸಭೆ ಕರೆದರು. ಅದು ಟಗರು ಬಾಗಿಲಿಗೆ ಗುದ್ದಿದ್ದು ಎಂದು ಹೇಳುವ ಧೈರ್ಯ ಬೋರಯ್ಯನಿಗೂ ಇರಲಿಲ್ಲ, ನನಗೂ ಇರಲಿಲ್ಲ. ಆ ಪೆಟ್ಟಿನ ಸಲುವಾಗಿ ಬಾಗಿಲು ಗಟ್ಟಿ ಮಾಡಲು ಆದೇಶ ಬಂತು. ಟಗರಿಗೆ ಇದು ತಿಳಿಯಲಿಲ್ಲ.

ಇಷ್ಟು ನಗುವುದಕ್ಕೆ. ಇನ್ನು ಗೇಟಿನ ವಿಷಯ.

ನಿವೃತ್ತಿಗೆ ಸ್ವಲ್ಪ ಮುಂಚೆ ಚಳ್ಳಕೆರೆಯ ಎಣ್ಣೆ ಮಿಲ್ಲಿನ ಮಹಾರುದ್ರಪ್ಪನವರು ತಮ್ಮ ತಾತನ ಕಾರನ್ನು ನಮಗೆ ಒಪ್ಪಿಸಿದರು. ಮೇಲೆ ಬಟ್ಟೆಯ ಹೊದಿಕೆ, ಕಡ್ಡಿ ಚಕ್ರ, ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬ್ರೇಕು. ಅವರ ತಾಯಿ ಗಂಗಮ್ಮನವರು ದೇವಸಮುದ್ರದ ಹೆಣ್ಣುಮಗಳು. ಮದುವೆಯಾಗಿ ಆ ಕಾರಿನಲ್ಲೇ ಚಳ್ಳಕೆರೆಗೆ ಬಂದವರು. ಅದರಲ್ಲೇ ಒಂದು ಸಲ ತವರಿಗೆ ಹೋಗಿಬರಬೇಕು ಎನ್ನುವುದು ಅವರ ಆಸೆ. ಅವರಿಗೆ ಬೆನ್ನು ನೋವು, ಎಣ್ಣೆ ಪದಾರ್ಥ ತಿನ್ನಬಾರದೆಂದು ಡಾಕ್ಟರು ಕಟ್ಟು ಮಾಡಿದ್ದರು, ವಯಸ್ಸು ಎಂಬತ್ತು ದಾಟಿತ್ತು.

ಸಿದ್ಧವಾದ ಕಾರನ್ನು ನೋಡಿ ಮಹಾರುದ್ರಪ್ಪನವರು ನೇರವಾಗಿ ಕೇಳಿದರು. "ಕಾರು ಚೆಂದ ಕಾಣ್ತೈತೆ ಬಿಡ್ರಿ. ಅವ್ವನ್ನ ಇದರಾಗೆ ಆ ರಸ್ತೇಲಿ ಕರ್ಕೊಂಡು ಹೋಗಬೌದೋ ಇಲ್ವೋ? ನೀವು ಹೂಂ ಅಂದ್ರೆ ಹೋಗ್ತೀವಿ. ಉಹೂಂ ಅಂದ್ರೆ ಇಲ್ಲ."

ಹೂಂ ಅನ್ನುವುದಕ್ಕೆ ಮುಂಚೆ ಪರೀಕ್ಷೆ ಆಗಬೇಕಲ್ಲ. ನಾನೂ ಬೋರಯ್ಯನೂ ಕಾರು ತೆಗೆದುಕೊಂಡು ಚಳ್ಳಕೆರೆಗೆ ಹೋದೆವು. ಮೊದಲ ದಿನ ಊರ ಸುತ್ತಲಿನ ಹಾದಿಗಳಲ್ಲಿ ಓಡಿಸಿದೆವು. ಕಾರು ಪ್ರತಿ ಗುಂಡಿಗೂ ದೂರು ಹೇಳುತ್ತಾ ಕಿರ್ರೆಂದು ಸಾಗಿತು. ಆದರೆ ಕುಣಿತ ಹಿಡಿತದಲ್ಲಿತ್ತು. ಸಂಜೆ ಅದನ್ನು ಮಿಲ್ಲಿನ ಹಿಂದಿನ ಅವರ ಮನೆಯಂಗಳದಲ್ಲಿ ನಿಲ್ಲಿಸಿದೆವು. ಗಂಗಮ್ಮನವರು ಜಗಲಿಯಲ್ಲಿ ಕೂತಿದ್ದರು.

"ಏನಪ್ಪ ಇಂಜಿನಿಯರಪ್ಪ, ಇದು ಹಿಂಗೇ ಕೂಗ್ತದಾ?"

"ಅದರ ಸ್ವಭಾವ ಹಂಗೇ ಅಮ್ಮ."

"ನಾನು ಬರಬೇಕಾದ್ರೆ ಕೂಗಿರಲಿಲ್ಲ."

"ಆಗ ಅದಕ್ಕೂ ವಯಸ್ಸಿತ್ತು ಅವ್ವ" ಎಂದ ಬೋರಯ್ಯ. ಅವರು ನಕ್ಕು ಒಳಗೆ ಹೋದರು.

ಮರುದಿನ ಬೆಳಿಗ್ಗೆ ದೇವಸಮುದ್ರದ ದಾರಿ ಹಿಡಿದೆವು. ಅರ್ಧ ದಾರಿ ತೇಪೆ ಹಾಕಿದ ಹಳೇ ಡಾಂಬರು. ಕಾರು ತೊಟ್ಟಿಲಿನಂತೆ ಮೆತ್ತಗೆ ತೂಗುತ್ತಿತ್ತು. ಸದ್ದೇ ಇಲ್ಲ.

"ಅಜ್ಜಿ ಇವತ್ತು ಮಾತಾಡ್ತಿಲ್ಲ ಸಾರ್" ಎಂದ ಬೋರಯ್ಯ. ಕಾರಿಗೆ ಅವನು ಅಜ್ಜಿ ಎನ್ನುತ್ತಿದ್ದ.

"ನಿನ್ನೆ ಇಡೀ ದಿನ ಬೈದಳಲ್ಲ, ಸುಸ್ತಾಗಿರಬೇಕು."

ದೇವಸಮುದ್ರಕ್ಕೆ ಮುಂಚೆ ಮಣ್ಣುರಸ್ತೆಯೊಂದು ಹಳ್ಳಕ್ಕೆ ಇಳಿಯುತ್ತದೆ. ಟ್ರ್ಯಾಕ್ಟರು ಓಡಾಡಿ ಓಡಾಡಿ ಆ ಇಳಿಜಾರು ಸಿಮೆಂಟ್ ಶೀಟು ಹಾಸಿದಂತೆ ಸಾಲುಸಾಲು ಅಲೆಯಾಗಿತ್ತು. ಇಂಥ ಕಡೆ ಚಕ್ರ ಹೇಗೆ ಆಡುತ್ತದೆ ಎನ್ನುವುದನ್ನು ಹೊರಗಿನಿಂದ ವೀಡಿಯೊ ತೆಗೆಯುವುದು ನಮ್ಮ ಕ್ರಮ. ನಾನು ಕಾರಿನಿಂದ ಇಳಿದು ಹಳ್ಳದ ದಡದಲ್ಲಿ ಮೊಬೈಲು ಹಿಡಿದು ನಿಂತೆ. ಬೋರಯ್ಯ ಕಾರನ್ನು ದಿಬ್ಬದ ಮೇಲಕ್ಕೆ ಒಯ್ದು ತಿರುಗಿಸಿಕೊಂಡ. ಹಳ್ಳದಲ್ಲಿ ಮೊಣಕಾಲುದ್ದ ನೀರು. ಕುರಿ ಕಾಯುವ ಮಾರಕ್ಕ ಎಂಬ ಹೆಂಗಸು ನಮಗೆ ಬೆನ್ನು ಮಾಡಿ ನಿಂತು, ಮಂದೆಗೆ ನೀರು ಕುಡಿಸುತ್ತಿದ್ದಳು. ಕಾರು ಬರುತ್ತದೆ ಎಂದು ಹೇಳಿದೆ. "ಬರಲಿ, ಸದ್ದು ಕೇಳಿಸ್ತದಲ್ಲ, ಸರೀತೀನಿ" ಎಂದಳು.

ಕಾರು ಇಳಿಯತೊಡಗಿತು.

ಇಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ನೋಡಿದ್ದೇನೋ ಗೊತ್ತಿಲ್ಲ. ಹಲ್ಲು ಉಜ್ಜುವಾಗ, ಬ್ಯಾಂಕಿನ ಸಾಲಿನಲ್ಲಿ ನಿಂತಾಗ, ಯಾರದೋ ಮನೆಯ ನಾಮಕರಣದಲ್ಲಿ ಪಾಯಸ ಬಡಿಸುವಾಗ ಅದು ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಮೊದಲು ಕಾರಿನ ಮೂತಿ ಸ್ವಲ್ಪ ಏಳುತ್ತದೆ, ಇಳಿಯುತ್ತದೆ. ಅದು ಸಹಜ. ಮುಂದಿನ ಅಲೆಗೆ ಇನ್ನಷ್ಟು ಏಳುತ್ತದೆ. ಜೋಕಾಲಿ ಹಿಂದಕ್ಕೆ ಬಂದಾಗಲೆಲ್ಲ ಸರಿಯಾದ ಹೊತ್ತಿಗೆ ಯಾರೋ ನೂಕುತ್ತಿರುವ ಹಾಗೆ, ಪ್ರತಿ ಅಲೆಯೂ ಅದನ್ನು ಹಿಂದಿಗಿಂತ ಎತ್ತರಕ್ಕೆ ನೂಕುತ್ತದೆ. ತಡೆಯುವುದು ಯಾವುದೂ ಇಲ್ಲ. ಮುಂದಿನ ಚಕ್ರ ನೆಲ ಬಿಡುತ್ತದೆ. ಚಕ್ರದ ಕೆಳಗಿನಿಂದ ಆಚೆಯ ಗುಡ್ಡ ಕಾಣುತ್ತದೆ. ಅದು ಕಾಣಬಾರದ ಜಾಗ. ಇಳಿದ ಚಕ್ರಗಳು ಎಡಕ್ಕೂ ಬಲಕ್ಕೂ ಹೊಯ್ದಾಡುತ್ತವೆ, ಸ್ಟೇರಿಂಗು ಬೋರಯ್ಯನ ಕೈಯಿಂದ ಕಿತ್ತುಕೊಂಡು ತಿರುಗುತ್ತದೆ. ಅವನು ಇಂಜಿನ್ ನಿಲ್ಲಿಸುತ್ತಾನೆ, ಬ್ರೇಕು ಒತ್ತುತ್ತಾನೆ. ಹಿಂದಿನ ಚಕ್ರಗಳು ಅರ್ಧ ಹೊತ್ತು ಗಾಳಿಯಲ್ಲೇ ಇದ್ದರೆ ಬ್ರೇಕು ಯಾರನ್ನು ಹಿಡಿಯಬೇಕು? ಇಷ್ಟೆಲ್ಲಾ ನಡೆಯುವಾಗ ಕಿರ್ರೆಂಬ ಸದ್ದು ಮಾತ್ರ ಇಲ್ಲ. ಮಂದೆಯ ಅರಚಾಟದಲ್ಲಿ ಉಳಿದ ಸದ್ದು ಮಾರಕ್ಕನಿಗೆ ಕೇಳಿಲ್ಲ, ಅವಳು ತಿರುಗಿಲ್ಲ. ನಾನು ಕೂಗಬೇಕು. ಬಾಯಿ ತೆರೆದಿದೆ, ಸ್ವರ ಬರುತ್ತಿಲ್ಲ.

ಬೋರಯ್ಯ ಎರಡೂ ಮೊಣಕೈ ಸ್ಟೇರಿಂಗಿಗೆ ಸಿಕ್ಕಿಸಿ ಪಕ್ಕಕ್ಕೆ ಬಿದ್ದ ಹಾಗೆ ಎಳೆದ. ಕಾರು ರಸ್ತೆ ಬಿಟ್ಟು, ಬದು ಹಾರಿ, ಹೊಲದಲ್ಲಿ ಒಟ್ಟಿದ್ದ ಶೇಂಗಾ ಬಳ್ಳಿಯ ಬಣವೆಯೊಳಗೆ ಹೊಕ್ಕಿತು. ಬಣವೆ ನಿಧಾನವಾಗಿ ಅದರ ಮೇಲೆ ಕೂತಿತು. ಹಿಂದಿನ ಚಕ್ರವೊಂದು ಹೊರಗೆ ತಿರುಗುತ್ತಲೇ ಇತ್ತು.

ನಾನು ಓಡಿದೆನೋ ತೆವಳಿದೆನೋ ತಿಳಿಯದು. ಬಳ್ಳಿಯನ್ನು ಕೈಯಿಂದ ಬಾಚಿ ಬಾಚಿ ಎಸೆದೆ. ಒಳಗಿನಿಂದ ಬೋರಯ್ಯನ ದನಿ ಬಂತು.

"ಸಾರ್, ರೀಡಿಂಗ್ ಸಿಕ್ತಾ?"

ಅಂದು ನಾನು ತೆಗೆದ ವೀಡಿಯೊದಲ್ಲಿ ಕಾರಿಲ್ಲ, ನನ್ನ ಬೂಟು ಇದೆ.

ಹುಬ್ಬಿನ ಮೇಲೆ ಒಂದು ಗಾಯ, ಹೆಗಲು ಉಳುಕಿದ್ದು, ಅಷ್ಟೇ ಅವನಿಗೆ ಆದದ್ದು. ಮಾರಕ್ಕ ಕುರಿಗಳನ್ನು ಬಿಟ್ಟು ಓಡಿಬಂದಳು. ಆ ಕಡೆಯವರ ಮಾತಿನಲ್ಲಿ ತೆಲುಗು ಬೆರೆತಿರುತ್ತದೆ, ಸಿಟ್ಟು ಬಂದಾಗ ಜಾಸ್ತಿ. "ಏಮಯ್ಯಾ, ಸದ್ದು ಮಾಡ್ಕಂಡು ಬರಬಾರದಾ? ಕಳ್ಳನ ಹಂಗೆ ಬರ್ತಾರಾ ಯಾರಾನ?"

ಬೋರಯ್ಯ ಚಕ್ರದ ಮೇಲಿನ ಬಳ್ಳಿ ಸರಿಸಿದ. ಬಗ್ಗಿ ಕಮಾನು ಪಟ್ಟಿಯ ಮೇಲೆ ಬೆರಳು ಆಡಿಸಿ ಮೂಸಿದ. ನಂತರ ನಾಲಿಗೆಗೆ ಹಚ್ಚಿಕೊಂಡ. "ಶೇಂಗಾ ಎಣ್ಣೆ ಸಾರ್. ಒಳ್ಳೇ ಮಾಲು" ಎಂದ. ಪಟ್ಟಿಗಳ ಸಂದಿನಲ್ಲೂ ತೊಗಲಿನ ಬಿಲ್ಲೆಗಳಲ್ಲೂ ಎಣ್ಣೆ ಜಿನುಗುತ್ತಿತ್ತು. ಉಜ್ಜಿಕೊಳ್ಳಬೇಕಾದ ಪ್ರತಿಯೊಂದನ್ನೂ ಯಾರೋ ಪ್ರೀತಿಯಿಂದ ನುಣುಪು ಮಾಡಿದ್ದರು.

ಬಾಡಿಗೆ ಲಾರಿಯ ಮೇಲೆ ಕಾರು ಹೇರಿಕೊಂಡು ಚಳ್ಳಕೆರೆಗೆ ಬಂದಾಗ ಮಹಾರುದ್ರಪ್ಪನವರು ಮಿಲ್ಲಿನ ಆಳುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಗದರತೊಡಗಿದರು. "ಯಾವನ್ಲೇ ಕಾರಿಗೆ ಎಣ್ಣೆ ಹಾಕ್ದೋನು?"

"ಅವರನ್ನ ಯಾಕೆ ಬೈತೀಯೋ? ನಾನು ಹಾಕ್ದೆ" ಎಂದರು ಜಗಲಿಯಿಂದ ಗಂಗಮ್ಮನವರು.

ಬೆಳಗಿನ ಜಾವ ಎದ್ದು, ಉದ್ದ ಮೂತಿಯ ಎಣ್ಣೆ ಗಿಂಡಿ ಹಿಡಿದು, ನೋವಿನ ಬೆನ್ನು ಬಗ್ಗಿಸಿ, ನಾಲ್ಕೂ ಚಕ್ರಕ್ಕೆ ಅವರೇ ಹಾಕಿದ್ದರು. ಆ ಸೀಮೆಯಲ್ಲಿ ಗಾಡಿ ಕಿರ್ರೆಂದರೆ ಗಾಡಿಯವನಿಗೆ ಅವಮಾನ. ಕೀಲಿಗೆ ಎಣ್ಣೆ ಕಾಣಿಸಲಾಗದ ಮನೆ ಎಂದು ಎದುರಿಗೆ ಬಂದವರು ಆಡಿಕೊಳ್ಳುತ್ತಾರೆ. ಅದರಲ್ಲೂ ಇವರದು ಮೂರು ತಲೆಮಾರಿನಿಂದ ಎಣ್ಣೆಯ ಮನೆ.

"ಊರಿಗೆಲ್ಲ ಎಣ್ಣೆ ಮಾರೋ ಮನೆ ಸೊಸೆ ಕಿರ್ರನ್ನೋ ಕಾರಲ್ಲಿ ತವರಿಗೆ ಹೋದ್ರೆ ನಮ್ಮೂರೋರು ಏನಂತಾರಪ್ಪ?" ಎಂದು ಶುರು ಮಾಡಿದವರು ಬೋರಯ್ಯನ ಹುಬ್ಬಿನ ಪಟ್ಟಿ ನೋಡಿ ಎದ್ದು ಬಂದರು. ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ನನ್ನಿಂದ ಆತೇನೋ ಮಗಾ" ಎಂದರು.

"ಏನಿಲ್ಲ ಅವ್ವ. ನಿಮ್ಮ ಶೇಂಗಾ ಎಣ್ಣೆ ಕೆಡವಿತು, ಯಾರದೋ ಶೇಂಗಾ ಬಳ್ಳಿ ಹಿಡ್ಕೊಂತು. ಚುಕ್ತಾ."

ನಾನು ಮಹಾರುದ್ರಪ್ಪನವರಿಗೆ ಉಹೂಂ ಎಂದೆ. ಕಾರು ಮನೆಯ ಮುಂದೆ ನಿಲ್ಲಿಸಿಕೊಳ್ಳಲು ಚೆನ್ನಾಗಿದೆ, ರಸ್ತೆಗೆ ಬೇಡ ಎಂದೆ. ಗಂಗಮ್ಮನವರೂ, "ಬ್ಯಾಡ ಬಿಡು. ನಂದೊಂದು ಆಸೆಗೆ ಒಂದು ಜೀವ ಹೋಗ್ತಿತ್ತು" ಎಂದು ಒಳಗೆ ಹೋದರು. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಸಲು ಬಿಡದವನು ಬೋರಯ್ಯ. ದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಕೇಳಿದ.

"ಸಾರ್, ಕಾರು ಕೆಟ್ಟದ್ದಾ, ಎಣ್ಣೆ ಕೆಟ್ಟದ್ದಾ?"

"ಎಣ್ಣೆಯಿಂದ ಆದದ್ದು. ಗೊತ್ತಲ್ಲ."

"ಮತ್ತೆ ಕಾರಿಗ್ಯಾಕೆ ಶಿಕ್ಷೆ? ಆಯಮ್ಮ ಇನ್ನು ಸಾಯೋವರೆಗೂ ನನ್ನ ಹುಬ್ಬು ನೆನೆಸ್ಕೊಂಡು ಕೂತಿರ್ತದೆ. ನಾನೂ ಆ ಇಳಿಜಾರು ನೆನೆಸ್ಕೊಂಡು ಕೂತಿರ್ತೀನಿ. ನೀವಂತೂ ಈಗ್ಲೇ ಕೂತಿದೀರಿ."

ನನ್ನ ಕೈ ನೋಡಿಕೊಂಡೆ. ಮುಂದಿನ ಸೀಟಿನ ಕಂಬಿಯನ್ನು ಹಿಡಿದಿತ್ತು, ಬಸ್ಸು ಇನ್ನೂ ಹೊರಟಿರಲಿಲ್ಲ.

ಕಾರನ್ನು ಕಾರ್ಖಾನೆಗೆ ತರಿಸಿಕೊಂಡು, ಪಟ್ಟಿಗಳನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿದೆವು. ಬಾಗಿದ್ದ ಮುಂದಿನ ಅಚ್ಚನ್ನು ನೆಟ್ಟಗೆ ಮಾಡಿಸಿ, ಹೊಸ ತೊಗಲು ಹಾಕಿಸಿದೆವು. ಬೋರಯ್ಯನ ಹೆಗಲು ವಾಸಿಯಾದ ಮೇಲೆ ಮತ್ತೆ ಅದೇ ಇಳಿಜಾರಿಗೆ ಹೋದೆವು. ಈ ಸಲ ನಾನು ಹೊರಗೆ ನಿಲ್ಲಲಿಲ್ಲ, ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತೆ. ಪೆಟ್ಟಿಗೆ, ಲ್ಯಾಪ್‌ಟಾಪು ಎಲ್ಲ ಇದ್ದವು. ಆದರೆ ಗೆರೆ ಓದುವ ಸ್ಥಿತಿಯಲ್ಲಿ ನಾನಿರಲಿಲ್ಲ. ಎಂದೂ ಎಲೆ ಹಾಕದ ನಾನು ಚಳ್ಳಕೆರೆಯ ಬಸ್ ಸ್ಟ್ಯಾಂಡಿನಲ್ಲಿ ಎಲೆ, ಅಡಿಕೆ, ಸುಣ್ಣ ಕಟ್ಟಿಸಿಕೊಂಡಿದ್ದೆ. ದಿಬ್ಬದ ಮೇಲೆ ಎಲೆ ಬಿಡಿಸಿ ಸುಣ್ಣ ತೆಗೆದೆ. ಕಾರು ಕಿರ್ರ್ ಕಿರ್ರ್ ಎನ್ನುತ್ತಾ ಪ್ರತಿ ಅಲೆಗೂ ಬಾಗಿ, ಪುಟಿಯುವ ಮೊದಲೇ ತನ್ನನ್ನು ತಾನು ಹಿಡಿದುಕೊಂಡು ಇಳಿಯಿತು.

ಹಳ್ಳದ ಬಳಿ ನಿಲ್ಲಿಸಿ ಬೋರಯ್ಯ ಹಿಂದಕ್ಕೆ ತಿರುಗಿ ನನ್ನ ಮುಖ ಪರೀಕ್ಷಿಸಿದ. "ಗಲ್ಲಕ್ಕೆ ಒಂದು ಚೂರು. ಅದು ರಸ್ತೇದಲ್ಲ ಸಾರ್, ನಿಮ್ಮ ಕೈ ನಡುಗಿದ್ದು. ಪಾಸ್."

ನಾನು ಹೂಂ ಎಂದೆ. ಗಂಗಮ್ಮನವರನ್ನು ಒಪ್ಪಿಸಲು ಮಾತ್ರ ಬೋರಯ್ಯ ಒಂದು ಮಧ್ಯಾಹ್ನವೆಲ್ಲ ಅವರ ಜಗಲಿಯಲ್ಲಿ ಕೂರಬೇಕಾಯಿತು.

ಅವರನ್ನು ಕರೆದೊಯ್ದ ದಿನ ಮುಂದೆ ಬೋರಯ್ಯನ ಪಕ್ಕದಲ್ಲಿ ನಾನಿದ್ದೆ, ಹಿಂದೆ ತಾಯಿ ಮಗ. ಕಾರು ಹಾದಿಯುದ್ದಕ್ಕೂ ಕಿರುಗುಟ್ಟಿತು. ನನಗೆ ಅದಕ್ಕಿಂತ ಇಂಪಾದದ್ದು ಬೇರೆ ಇರಲಿಲ್ಲ. ಗಂಗಮ್ಮನವರು ಮಾತ್ರ ಎದುರಿಗೆ ಯಾರಾದರೂ ಬಂದರೆ ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡುತ್ತಿದ್ದರು. ಹಳ್ಳದ ಹತ್ತಿರ ನಾವು ದಿಬ್ಬ ಏರುವ ಮೊದಲೇ ಸದ್ದು ಕೇಳಿ ಮಾರಕ್ಕ ಕುರಿಗಳನ್ನು ಪಕ್ಕಕ್ಕೆ ಹೊಡೆದು ನಿಂತಿದ್ದಳು. ಕಾರು ನೀರಿಗೆ ಇಳಿದಾಗ ಕೇಳಿಯೇ ಬಿಟ್ಟಳು.

"ಎಣ್ಣೆ ಮಿಲ್ಲಿನೋರ ಕಾರಿಗೆ ಎಣ್ಣೆ ಲೇದಾ ಅವ್ವಾ?"

ಮಹಾರುದ್ರಪ್ಪನವರು ತಲೆ ತಗ್ಗಿಸಿದರು. ಗಂಗಮ್ಮನವರು ಹೊರಗೆ ಬಗ್ಗಿ ನೋಡಿದರು.

"ನಂಗೂ ಡಾಕ್ಟ್ರು ಎಣ್ಣೆ ಬ್ಯಾಡ ಅಂದವ್ರೆ, ಇದಕ್ಕೂ ಬ್ಯಾಡ ಅಂದವ್ರೆ ಕಣಮ್ಮ. ಇಬ್ಬರದೂ ಒಂದೇ ಪಥ್ಯ" ಎಂದರು.

ಮಾರಕ್ಕ ನಕ್ಕಿದ್ದು ದಡ ಹತ್ತಿದ ಮೇಲೂ ಕೇಳಿಸುತ್ತಿತ್ತು. ಅಲ್ಲಿಂದ ಮುಂದೆ ಗಂಗಮ್ಮನವರು ಎದುರಿಗೆ ಬಂದವರನ್ನೆಲ್ಲ ಮುಖ ಕೊಟ್ಟು ಮಾತಾಡಿಸಿದರು.

ದೇವಸಮುದ್ರ ಕಾಣುವಷ್ಟರಲ್ಲಿ ಕಿರ್ರೆನ್ನುವುದು ಒಮ್ಮೆಲೇ ನಿಂತಿತು.

ಚಕ್ರದ ಕೆಳಗಿನ ಗುಡ್ಡ, ತಿರುಗದ ಬೆನ್ನು, ಗಾಳಿಯಲ್ಲಿ ಸುತ್ತುವ ಚಕ್ರ ಎಲ್ಲ ಒಟ್ಟಿಗೆ ಬಂದವು. "ಬೋರಯ್ಯ, ನಿಲ್ಸು" ಎಂದೆ. ಅಂದು ಬರದ ಸ್ವರ ಇಂದು ಊರಿಗೆ ಕೇಳುವಷ್ಟು ಜೋರಾಗಿ ಬಂತು. ಬೋರಯ್ಯ ನಿಲ್ಲಿಸಿದ.

ಹಿಂದಿನಿಂದ ಒಂದು ಕೈ ನನ್ನ ಭುಜದ ಮೇಲೆ ಬಂದು ಕೂತಿತು.

"ಎಣ್ಣೆ ನಾನು ಹಾಕಿಲ್ಲ ಕಣಪ್ಪ. ಕೆಳಗೆ ನೋಡು, ಹೊಸ ಡಾಂಬರು ಹಾಕವ್ರೆ. ರಸ್ತೆ ಚೆನ್ನಾಗೈತೆ, ಅಷ್ಟೇಯ."

ನೋಡಿದೆ. ಕಪ್ಪಗೆ, ನುಣ್ಣಗೆ, ಒಂದು ಗುಂಡಿಯೂ ಇಲ್ಲದ ರಸ್ತೆ. ಬೋರಯ್ಯ ನನ್ನ ಕಡೆ ನೋಡದೆ ಗೇರು ಹಾಕಿದ. ಡಾಂಬರು ಮುಗಿದು ಊರ ಬಾಗಿಲಿನ ಕಲ್ಲುಹಾಸಿನ ಮೇಲೆ ಕಾರು ಮತ್ತೆ ಕಿರ್ರೆನ್ನುವವರೆಗೂ ಆ ಕೈ ಅಲ್ಲೇ ಇತ್ತು.